ಕ್ಷಮಿಸಿದ ಮೇಲೂ ಸಿಟ್ಟು ಬಂದರೆ?

ಪ್ರಶ್ನೆ: ಆಸ್ತಿ ಭಾಗ ಮಾಡುವಾಗ ನಮ್ಮಣ್ಣ ನನಗೆ ಮೋಸ ಮಾಡಿದ. ಅವನನ್ನು ಕ್ಷಮಿಸಿದ್ದೇನೆ ಅಂತ ಪ್ರಾರ್ಥನೆಯಲ್ಲಿ ಹೇಳಿದ್ದೇನೆ. ಆದರೂ ಅವನನ್ನು ಕಂಡರೆ ಮೈ ಉರಿಯುತ್ತದೆ. ಹಾಗಾದರೆ ನಾನು ಕ್ಷಮಿಸಿಯೇ ಇಲ್ಲವಾ? ದೇವರು ನನ್ನನ್ನು ಕ್ಷಮಿಸುತ್ತಾನಾ?

ಉತ್ತರ: ಸಿಟ್ಟು ಬಂತು ಅಂದ ಮಾತ್ರಕ್ಕೆ ನೀವು ಕ್ಷಮಿಸಿದ್ದು ಸುಳ್ಳಾಗುವುದಿಲ್ಲ. ಕೋಪ ಬಂದರೂ ಪಾಪಕ್ಕೆ ಇಳಿಯಬೇಡಿ, ಹೊತ್ತು ಮುಳುಗುವ ತನಕ ಅದನ್ನು ಇಟ್ಟುಕೊಳ್ಳಬೇಡಿ ಅಂತ ಬೈಬಲಿನಲ್ಲಿ, ಎಫೆಸದವರಿಗೆ ಬರೆದ ಪತ್ರದಲ್ಲಿದೆ. ಕೋಪ ಬರುತ್ತದೆ ಅಂತ ಗೊತ್ತಿದ್ದೇ ಬರೆದ ಮಾತು ಅದು.

ನಿಮ್ಮ ಭಯಕ್ಕೆ ಕಾರಣ ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದ ಕೊನೆಯಲ್ಲಿ ಯೇಸು ಹೇಳಿದ ಸಾಮ್ಯ, ಅಂದರೆ ದೃಷ್ಟಾಂತದ ಕಥೆ, ಇರಬೇಕು. ಒಬ್ಬ ಸೇವಕ ರಾಜನಿಗೆ 10,000 ತಲಾಂತು ಕೊಡಬೇಕಿತ್ತು. ಒಂದು ದಿನಾರಿ ಅಂದರೆ ಕೂಲಿಯವನ ಒಂದು ದಿನದ ದುಡಿಮೆ. ಒಂದು ತಲಾಂತಿಗೆ ಸುಮಾರು 6,000 ದಿನಾರಿ. ಅಂದರೆ 6 ಕೋಟಿ ದಿನಗಳ ಕೂಲಿ! ರಾಜ ಕನಿಕರಪಟ್ಟು ಅಷ್ಟನ್ನೂ ಬಿಟ್ಟುಬಿಟ್ಟ. ಅದೇ ಸೇವಕ ಹೊರಗೆ ಬಂದವನೇ, ತನಗೆ 100 ದಿನಾರಿ ಕೊಡಬೇಕಿದ್ದ ಜೊತೆಗಾರನ ಕುತ್ತಿಗೆ ಹಿಡಿದ. ಎಷ್ಟು ಬೇಡಿಕೊಂಡರೂ ಕೇಳದೆ ಸೆರೆಮನೆಗೆ ಹಾಕಿಸಿದ.

100 ದಿನಾರಿ ಸಣ್ಣ ಮೊತ್ತವೇನಲ್ಲ, ಮೂರು ತಿಂಗಳಿಗೂ ಜಾಸ್ತಿ ದುಡಿಮೆ. ಯೇಸು ಬೇಕೆಂದೇ ಅಷ್ಟು ಹೇಳಿರಬೇಕು ಅಂತ ನನಗನಿಸುತ್ತದೆ. ನಿಮಗಾದ ನಷ್ಟವೂ ನಿಜವಾದದ್ದೇ. ಏನೂ ಆಗಿಲ್ಲ ಅಂತ ಸುಮ್ನೆ ನಟಿಸಬೇಕಾಗಿಲ್ಲ. ಆ ಸೇವಕ ಮಾಡಿದ ತಪ್ಪು ಕುತ್ತಿಗೆ ಹಿಡಿದದ್ದು.

ನಮ್ಮ ಮನೆಗಳಲ್ಲಿ ಕುತ್ತಿಗೆ ಹಿಡಿಯುವುದು ಹೇಗೆ? ಮದುವೆ ಊಟಕ್ಕೆ ಕೂತಾಗ ಪಕ್ಕದವರಿಗೆ ಅಣ್ಣನ ಮೋಸದ ಕಥೆಯನ್ನು ಮೊದಲಿಂದ ಹೇಳುತ್ತೇವೆ. ಅವನ ಮಗಳನ್ನು ನೋಡಲು ಬಂದ ಗಂಡಿನ ಕಡೆಯವರ ಕಿವಿಗೆ ಒಂದು ಮಾತು ಹಾಕುತ್ತೇವೆ. ಅತ್ತಿಗೆ ಆಸ್ಪತ್ರೆಯಲ್ಲಿದ್ದರೂ ಆ ಕಡೆ ತಲೆ ಹಾಕುವುದಿಲ್ಲ. ಅಂಥ ಹೊತ್ತಿನಲ್ಲಿ ಬಾಯಿಗೆ ಬಂದ ಮಾತನ್ನು ನುಂಗಿಕೊಂಡಿರಾ? ಹಣ್ಣು ಹಿಡಿದುಕೊಂಡು ಅತ್ತಿಗೆಯನ್ನು ನೋಡಿ ಬಂದಿರಾ? ಹಾಗಿದ್ದರೆ ಮೈ ಉರಿಯುತ್ತಿದ್ದರೂ ನೀವು ಕ್ಷಮಿಸುತ್ತಿದ್ದೀರಿ. ನಾಳೆ ಸಿಟ್ಟು ಬಂದರೆ ಮತ್ತೆ ಅದನ್ನೇ ಮಾಡಬೇಕು. ಏಳು ಸಲ ಕ್ಷಮಿಸಿದರೆ ಸಾಕಾ ಅಂತ ಶಿಷ್ಯ ಪೇತ್ರ ಕೇಳಿದಾಗ ಯೇಸು ಏಳೆಪ್ಪತ್ತು ಸಲ ಅಂದದ್ದು ನಿಮಗೆ ಗೊತ್ತೇ ಇದೆ ಅಲ್ವಾ? ಕೆರಳುತ್ತಲೇ ಇರುವ ಒಂದೇ ಹಳೇ ಗಾಯಕ್ಕೂ ಅಷ್ಟು ಸಲ ಬೇಕಾಗಬಹುದು.

ಹಾಗಂತ ನಿಮ್ಮ ಪಾಲು ಕೇಳಬಾರದು ಅಂತಿಲ್ಲ. ಸಹೋದರ ತಪ್ಪು ಮಾಡಿದರೆ ಅವನಿಗೆ ತಿಳಿಸಿ ಹೇಳು ಅಂತ ಅದೇ ಅಧ್ಯಾಯದಲ್ಲಿದೆ. ಕ್ಷಮೆಯೂ ನ್ಯಾಯವೂ ಜೊತೆಗೇ ನಡೆಯಬಹುದು. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಗಂಡುಮಕ್ಕಳನ್ನು ವಾಹನದಲ್ಲಿ ಮಲಗಿದ್ದಾಗಲೇ ಸುಟ್ಟು ಕೊಂದರು. ಕೊಂದವರನ್ನು ಕ್ಷಮಿಸಿದ್ದೇನೆ ಎಂದರು ಪತ್ನಿ ಗ್ಲಾಡಿಸ್. ಬಾರಿಪದದಲ್ಲಿ ಕುಷ್ಠರೋಗಿಗಳ ಸೇವೆಯನ್ನೂ ಮುಂದುವರಿಸಿದರು. ಕೇಸು ತನ್ನ ಪಾಡಿಗೆ ನಡೆಯಿತು. ಮುಖ್ಯ ಅಪರಾಧಿಗೆ ಆಗಿದ್ದ ಜೀವಾವಧಿ ಶಿಕ್ಷೆಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅದರಿಂದ ಗ್ಲಾಡಿಸ್ ಅವರ ಕ್ಷಮೆ ಏನೂ ಕಡಿಮೆಯಾಗಲಿಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಹೊಡೆಯುವ ಗಂಡನ ಮನೆಗೆ "ಕ್ಷಮಿಸಿ ವಾಪಸ್ ಹೋಗಮ್ಮ" ಅಂತ ಹೆಣ್ಣುಮಕ್ಕಳನ್ನು ಕಳಿಸುವ ಹಿರಿಯರಿದ್ದಾರೆ. ಯೇಸುವಿನ ಮಾತನ್ನು ಅದಕ್ಕೆ ಬಳಸುವುದು ದೊಡ್ಡ ಅನ್ಯಾಯ.

ದೇವರು ನಿಮ್ಮನ್ನು ಕ್ಷಮಿಸುತ್ತಾನಾ ಅಂತ ಕೇಳಿದ್ದೀರಿ. ಸಾಮ್ಯದಲ್ಲಿ ಮೊದಲು ಸಾಲ ಬಿಟ್ಟವನು ರಾಜ. ಕ್ಷಮಿಸದವನಿಗೆ ಕ್ಷಮೆಯಿಲ್ಲ ಅನ್ನುವ ಕೊನೆಯ ಎಚ್ಚರಿಕೆ ಕಠಿಣವಾದದ್ದೇ, ಆದರೆ ಅದು ಕ್ಷಮಿಸಲು ಒಪ್ಪದವನಿಗೆ. ಕ್ಷಮಿಸಬೇಕು ಅಂತ ಒದ್ದಾಡುತ್ತಿರುವ ನಿಮಗಲ್ಲ. ಅಣ್ಣನಿಗಾಗಿ ಪ್ರಾರ್ಥನೆ ಮಾಡಿ. ಮೊದಮೊದಲು ಅವನ ಹೆಸರು ಬಿಟ್ಟು ಬೇರೆ ಮಾತೇ ಬಾರದಿದ್ದರೂ ಪರವಾಗಿಲ್ಲ. ಆಮೇಲೆ ಆಸ್ತಿ ಪತ್ರಗಳನ್ನು ತೆಗೆದುಕೊಂಡು ಅವನ ಹತ್ತಿರ ಮಾತಾಡಿ. ಕೇಳದಿದ್ದರೆ ಪಾಸ್ಟರನ್ನೋ ಸಭೆಯ ಹಿರಿಯರನ್ನೋ ಕರೆದುಕೊಂಡು ಹೋಗಬಹುದು. ಮೊದಲ ಸಲ ಮಾತ್ರ ನೀವೊಬ್ಬರೇ ಹೋಗಿ.