ಕೆರೆ ತುಂಬ ಜಿಲೇಬಿ ಮೀನಿದ್ದರೂ ಕೊರಮೀನು ಯಾಕೆ ಹೆಚ್ಚೋದಿಲ್ಲ?

ಪ್ರಶ್ನೆ: ಚನ್ನಗಿರಿ ತಾಲ್ಲೂಕಿನ ನಮ್ಮೂರ ಕೆರೆಯಲ್ಲಿ ಬಲೆ ಬೀಸಿದರೆ ಬರೀ ಬೆರಳುದ್ದದ ಜಿಲೇಬಿ (ತಿಲಾಪಿಯಾ). ಅದನ್ನು ತಿನ್ನಲೆಂದು ಎರಡು ವರ್ಷ ಬೇಟೆಗಾರ ಮೀನಾದ ಕೊರಮೀನು (ಮುರ್ರೆಲ್) ಹಿಡಿಯದೆ ಬಿಟ್ಟೆವು. ಆದರೂ ಹೆಚ್ಚಲಿಲ್ಲ, ಯಾಕೆ?

ಉತ್ತರ: ಕೊರಮೀನು ಜಿಲೇಬಿ ತಿನ್ನುತ್ತದೆ ಅನ್ನೋದು ಅರ್ಧ ಮಾತು. ತಿನ್ನುವುದು ಬೆಳೆದ ಕೊರಮೀನು, ಅದೂ ಬಾಯಿಗೆ ಹಿಡಿಸುವಷ್ಟನ್ನು ಮಾತ್ರ. ನೀರಿನ ಮೇಲ್ಮೈಯಲ್ಲಿ ಕೆಂಪಗೆ ಗುಂಪುಗಟ್ಟಿ ಓಡಾಡುವ ಅದರ ಮರಿಗಳು ಬದುಕುವುದು ಕಣ್ಣಿಗೆ ಕಂಡೂ ಕಾಣದ ನೀರುಹುಳುಗಳ ಮೇಲೆ. ಜಿಲೇಬಿ ಮರಿಗೂ ಅದೇ ಊಟ. ಅಪ್ಪ-ಅಮ್ಮನ ಬಾಯಿಗೆ ಬೀಳಬೇಕಾದ ಮೀನೇ ಮರಿಗಳ ತಟ್ಟೆಗೆ ಕೈ ಹಾಕುತ್ತದೆ. ಯಾವುದು ಯಾವುದನ್ನು ತಿನ್ನುತ್ತದೆಂದು ತೋರಿಸುವ ಆಹಾರಜಾಲದ ಚಿತ್ರದಲ್ಲಿ ಕೊರಮೀನಿಗೆ ಒಂದೇ ಚೌಕ ಬರೆದರೆ ಇದು ಕಾಣುವುದೇ ಇಲ್ಲ. ಮರಿಗೊಂದು, ದೊಡ್ಡದಕ್ಕೊಂದು ಬರೆಯಬೇಕು.

1952ರಲ್ಲಿ ಭಾರತಕ್ಕೆ ತಂದ ಈ ಜಿಲೇಬಿ, ಇಕ್ಕಟ್ಟಾದರೆ ಬೆಳೆಯೋದು ಬಿಟ್ಟು 8–10 ಸೆಂ.ಮೀ.ಗೇ ಮೊಟ್ಟೆಗೆ ಬರುತ್ತದೆ. ಜಿಲೇಬಿ ಮೊಟ್ಟೆಯನ್ನು ಬಾಯಲ್ಲೇ ಇಟ್ಟು ಕಾಯುತ್ತದೆ; ಬಲೆಯಿಂದ ಬಿಡಿಸುವಾಗ ಅಷ್ಟೇ ಉದ್ದದ ಹೆಣ್ಣಿನ ಬಾಯಿಂದ ಹಳದಿ ಮೊಟ್ಟೆ ಉದುರಿದರೆ ಕೆರೆಯ ಜಿಲೇಬಿ ಬೆಳವಣಿಗೆ ನಿಂತಿದೆ ಅಂತಲೇ ಲೆಕ್ಕ. ಈ ಸ್ಥಿತಿ ಒಮ್ಮೆ ಬಂದರೆ ಗಟ್ಟಿಯಾಗಿ ನಿಲ್ಲುತ್ತದೆ. ಸುಮ್ಮನೆ ಕಾದರೆ ಬದಲಾಗುವುದಿಲ್ಲ.

ನಾರ್ವೆಯ ತಕ್‌ವಾತ್ನ್ ಸರೋವರದಲ್ಲಿ 1980ರ ದಶಕದಲ್ಲಿ ಬೆಳವಣಿಗೆ ನಿಂತ ಆರ್ಕ್ಟಿಕ್ ಚಾರ್ ಮೀನನ್ನು 31 ಟನ್ ಹಿಡಿದು ಹೊರತೆಗೆದರು. ಉಳಿದವಕ್ಕೆ ಮೇವು ಸಿಕ್ಕಿ ಸಣ್ಣ ಚಾರ್ ಹೆಚ್ಚಾದವು; ಅವನ್ನು ತಿಂದು ಕಂದು ಟ್ರೌಟ್ ಎಂಬ ಬೇಟೆಗಾರ ಮೀನು ಚೇತರಿಸಿಕೊಂಡಿತು, 20 ವರ್ಷ ಕಳೆದರೂ ಹಿಂದಕ್ಕೆ ಹೋಗಲಿಲ್ಲ. ಬೇಟೆಗೆ ಸಿಗುವ ಮೀನನ್ನೇ ಹಿಡಿದು ತೆಗೆದರೆ ಬೇಟೆಗಾರ ಹೆಚ್ಚುವುದು ವಿಚಿತ್ರ ಅನ್ನಿಸುತ್ತದೆ, ಆದರೆ ಆದದ್ದು ಅದೇ. ಅಲ್ಲಿ ಕೊರತೆ ಬಾಯಿಗೆ ಹಿಡಿಸುವ ಗಾತ್ರದ್ದು, ನಿಮ್ಮಲ್ಲಿ ಬಹುಶಃ ಮರಿಯ ಊಟದ್ದು.

ಮೊದಲು ನಾಲ್ಕೈದು ಕಡೆ ಬೀಸುಬಲೆ ಹಾಕಿ, 100 ಜಿಲೇಬಿ ಅಳೆಯಿರಿ. ಬಹುಪಾಲು ಒಂದೇ ಅಳತೆಗೆ ನಿಂತಿದ್ದು, ಹೆಣ್ಣುಗಳಲ್ಲಿ ಮೊಟ್ಟೆಯೂ ಇದ್ದರೆ, ಫೆಬ್ರುವರಿಯಿಂದ ಮೇವರೆಗೆ ನೀರು ಇಳಿದಾಗ ಮತ್ತೆ ಮತ್ತೆ ಎಳೆಬಲೆ ಹಾಕಿ ತೆಗೆಯಿರಿ. ಒಂದೇ ಸಲ ಎಳೆದು ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ತುಂಬುತ್ತದೆ. ಎಲ್ಲರೂ ಎಡವುವುದು ಇಲ್ಲೇ. ಮಳೆಗಾಲದಲ್ಲಿ ಕೆಂಪು ಮರಿಗುಂಪಿನ ಕೆಳಗೆ ಕಾವಲಿರುವ ಜೋಡಿಯನ್ನು ಮುಟ್ಟಬೇಡಿ, ಅದು ಹೋದರೆ ಮರಿಗಳೂ ಹೋದಂತೆ. ಕಾಟ್ಲಾ, ರೋಹು ಬಿಡುವುದಿದ್ದರೆ 10 ಸೆಂ.ಮೀ. ದಾಟಿದ್ದನ್ನೇ ಬಿಡಿ.

ಚಳ್ಳಕೆರೆ ಕಡೆಯ ಕೆರೆಗಳಿಗೆ ಈ ಕೆಲಸವನ್ನು ಬರವೇ ಮಾಡಿಕೊಡುತ್ತದೆ. ನೀರು ಪೂರ್ತಿ ಬತ್ತಿದರೆ ಜಿಲೇಬಿ ಮುಗಿಯಿತು. ಗಾಳಿ ಉಸಿರಾಡುವ ಕೊರಮೀನು ಹಸಿ ಕೆಸರಿನಲ್ಲಿ ಕೆಲಕಾಲ ಜೀವ ಹಿಡಿದಿರುತ್ತದೆ, ಅಷ್ಟರೊಳಗೆ ಮಳೆ ಬರಬೇಕು.