ಬ್ಯಾಂಕಿನಲ್ಲಿದ್ದರೆ ಲೆಕ್ಕಕ್ಕೆ, ಪಿಂಚಣಿ ನಿಧಿಯಲ್ಲಿದ್ದರೆ ಇಲ್ಲ: ಬ್ರಿಟನ್ನಿನ 16,000 ಪೌಂಡ್ ಗೆರೆಯ ಹಿನ್ನೆಲೆ

ಬ್ರಿಟನ್ನಿನಲ್ಲಿ ಅರವತ್ತು ವರ್ಷದ ಇಬ್ಬರು ಒಂದೇ ತಿಂಗಳಲ್ಲಿ ಕೆಲಸ ಕಳೆದುಕೊಂಡರು ಎಂದಿಟ್ಟುಕೊಳ್ಳಿ. ಇಬ್ಬರದೂ ಬಾಡಿಗೆ ಮನೆ. ಒಬ್ಬರು ಸಂಬಳದಲ್ಲಿ ಅಷ್ಟಿಷ್ಟು ಮಿಗಿಸಿ ಬ್ಯಾಂಕಿನಲ್ಲಿ 17,000 ಪೌಂಡ್ ಇಟ್ಟಿದ್ದಾರೆ. ಇನ್ನೊಬ್ಬರ ಖಾತೆಯಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ, ಆದರೆ ಖಾಸಗಿ ಪಿಂಚಣಿ ನಿಧಿಯಲ್ಲಿ 80,000 ಪೌಂಡ್ ಇದೆ. ಅದನ್ನು ಅವರು ಇನ್ನೂ ಮುಟ್ಟಿಲ್ಲ. ಕೆಲಸವಿಲ್ಲದವರಿಗೂ ಕಡಿಮೆ ಆದಾಯದವರಿಗೂ ಸರ್ಕಾರ ಕೊಡುವ ತಿಂಗಳ ನೆರವಾದ ಯೂನಿವರ್ಸಲ್ ಕ್ರೆಡಿಟ್‌ಗೆ ಇಬ್ಬರೂ ಅರ್ಜಿ ಹಾಕಿದರೆ ಮೊದಲನೆಯವರಿಗೆ ಬಿಡಿಗಾಸೂ ಸಿಗದು. ಎರಡನೆಯವರಿಗೆ ಜೀವನ ವೆಚ್ಚದ ಜೊತೆಗೆ ಬಾಡಿಗೆಗೂ ನೆರವು ಸಿಗುತ್ತದೆ. ಇದು ಯಾರೋ ಗುಮಾಸ್ತರ ಎಡವಟ್ಟಲ್ಲ, ಕಾನೂನೇ ಹಾಗಿದೆ. ಅದು ಹಾಗಾದದ್ದು ಹೇಗೆ ಎಂದು ತಿಳಿಯಲು ತೊಂಬತ್ತು ವರ್ಷಕ್ಕೂ ಹಿಂದೆ ಹೋಗಬೇಕು.

1931ರಲ್ಲಿ ನಿರುದ್ಯೋಗ ವಿಪರೀತಕ್ಕೇರಿದಾಗ ಅಲ್ಲಿನ ಸರ್ಕಾರ ನಿರುದ್ಯೋಗ ಭತ್ಯೆಯನ್ನು ಶೇ 10ರಷ್ಟು ಕಡಿತ ಮಾಡಿತು. ಕೆಲಸದಲ್ಲಿದ್ದಾಗ ಕಟ್ಟಿದ ವಂತಿಗೆಗೆ ಸಿಗುವ ವಿಮೆಯ ಹಣ 26 ವಾರಕ್ಕೆ ಮುಗಿಯುತ್ತಿತ್ತು. ಆಮೇಲೂ ಕೆಲಸ ಸಿಗದವರು ‘ಮೀನ್ಸ್ ಟೆಸ್ಟ್’ಗೆ, ಎಂದರೆ ಮನೆಯ ಆಸ್ತಿಪಾಸ್ತಿಯ ತಪಾಸಣೆಗೆ, ತಲೆಬಾಗಬೇಕಾಯಿತು. ತಪಾಸಣೆಯವರು ಮನೆಯೊಳಗೇ ಬಂದು ಪಿಯಾನೊ ಇದೆಯೇ, ಬೇಡದ ಮೇಜು ಕುರ್ಚಿ ಇದೆಯೇ ಎಂದು ನೋಡುತ್ತಿದ್ದರು. ಇದ್ದರೆ ಮೊದಲು ಅದನ್ನು ಮಾರು ಎನ್ನುತ್ತಿದ್ದರು. ಮಗಳು ದುಡಿಯುತ್ತಿದ್ದರೆ ಅವಳ ಕೂಲಿಯನ್ನೂ ಅಪ್ಪನ ಭತ್ಯೆಯಲ್ಲಿ ಕಳೆಯುತ್ತಿದ್ದರು. ಹೆತ್ತವರ ಅನ್ನಕ್ಕೆ ಕುತ್ತು ಬರಬಾರದೆಂದು ಮಕ್ಕಳು ಬೇರೆ ಕೋಣೆ ಹಿಡಿದು ಮನೆ ಬಿಟ್ಟದ್ದೂ ಉಂಟು. ಆ ಅವಮಾನ ಕಾರ್ಮಿಕರ ಬಡಾವಣೆಗಳ ನೆನಪಿನಿಂದ ಬಹುಕಾಲ ಅಳಿಯಲಿಲ್ಲ. ಯುದ್ಧದ ನಡುವೆಯೇ, 1941ರಲ್ಲಿ, ಇಡೀ ಮನೆಮಂದಿಯ ಆದಾಯವನ್ನು ಲೆಕ್ಕ ಹಾಕುವ ಪದ್ಧತಿ ರದ್ದಾಯಿತು. ಸಾಮಾಜಿಕ ಭದ್ರತೆ ಹೇಗಿರಬೇಕೆಂದು ಸರ್ಕಾರಕ್ಕೆ ಸಲ್ಲಿಸಿದ 1942ರ ಬೆವರಿಜ್ ವರದಿ, ವಿಮೆಯೇ ಮುಖ್ಯ, ತಪಾಸಣೆ ಕೊನೆಯ ದಾರಿ ಎಂದಿತು.

ಆದರೆ 1948ರ ರಾಷ್ಟ್ರೀಯ ನೆರವು ಕಾಯಿದೆಯಲ್ಲೂ ಅದರ ನಂತರದ ಯೋಜನೆಗಳಲ್ಲೂ ಆ ಕೊನೆಯ ದಾರಿ ಅಗಲವಾಗುತ್ತಲೇ ಹೋಯಿತು. ಈಗಿನ ನಿಯಮದ ಬೇರು ಇರುವುದು 1980ರ ದಶಕದಲ್ಲಿ. 1980ರಲ್ಲಿ ಉಳಿತಾಯ 2,000 ಪೌಂಡ್ ಮೀರಿದರೆ ನೆರವು ಪೂರ್ತಿ ಬಂದ್ ಎಂಬ ಗೆರೆ ಬಂತು. 1988ರಲ್ಲಿ ಯೂನಿವರ್ಸಲ್ ಕ್ರೆಡಿಟ್‌ಗೆ ಹಿಂದಿನ ನೆರವಿನ ಯೋಜನೆ ‘ಇನ್ಕಮ್ ಸಪೋರ್ಟ್’ ಜಾರಿಯಾದಾಗ ಒಂದು ಗೆರೆ ಎರಡಾಯಿತು: 3,000 ಪೌಂಡ್‌ವರೆಗೆ ಕೇಳುವವರಿಲ್ಲ, 6,000 ದಾಟಿದರೆ ಏನೂ ಇಲ್ಲ, ನಡುವಿನವರಿಗೆ ಕಡಿತ. 2006ರಲ್ಲಿ ಈ ಎರಡು ಗೆರೆಗಳು 6,000 ಮತ್ತು 16,000ಕ್ಕೆ ಬಂದು ನಿಂತವು. ಅಲ್ಲಿಂದ ಅವು ಅಲುಗಿಲ್ಲ. ಬೆಲೆಗಳ ಜೊತೆ ಏರಿದ್ದರೆ ಮೇಲಿನ ಗೆರೆ ಈ ಹೊತ್ತಿಗೆ 25,000 ದಾಟಿರುತ್ತಿತ್ತು. ಯಾವ ಸರ್ಕಾರವೂ ಘೋಷಿಸದೆ ಪ್ರತಿ ವರ್ಷ ಸದ್ದಿಲ್ಲದೆ ಆಗುತ್ತಿರುವ ಕಡಿತ ಇದು. ನನ್ನ ದೃಷ್ಟಿಯಲ್ಲಿ ಇಡೀ ವ್ಯವಸ್ಥೆಯ ದೊಡ್ಡ ಅನ್ಯಾಯವೂ ಇದೇ.

ನಡುವಿನವರ ಕಡಿತವನ್ನು ಹತ್ತಿರದಿಂದ ನೋಡಿ. 6,000ದ ಮೇಲಿನ ಪ್ರತಿ 250 ಪೌಂಡ್‌ಗೆ ತಿಂಗಳಿಗೆ 4.35 ಪೌಂಡ್ ಆದಾಯ ಬರುತ್ತಿದೆ ಎಂದು ನಿಯಮ ಭಾವಿಸಿಕೊಳ್ಳುತ್ತದೆ. 10,000 ಪೌಂಡ್ ಉಳಿತಾಯ ಇದ್ದವರಿಗೆ ತಿಂಗಳಿಗೆ 69.60 ಪೌಂಡ್ ಕಡಿತ. ವರ್ಷಕ್ಕೆ ಲೆಕ್ಕ ಹಾಕಿದರೆ 6,000ದ ಮೇಲಿನ ಹಣಕ್ಕೆ ಸುಮಾರು ಶೇ 21ರ ಬಡ್ಡಿ ಬಂದಂತೆ. ಯಾವ ಬ್ಯಾಂಕ್ ಕೊಡುತ್ತದೆ ಅಷ್ಟು? ಉಳಿತಾಯವನ್ನು ಕರಗಿಸಿ ತಿನ್ನು ಎಂಬುದೇ ಇದರ ನಿಜವಾದ ಅರ್ಥ. ಉಳಿತಾಯ ಸರಿಯಾಗಿ 16,000 ಇದ್ದರೆ 174 ಪೌಂಡ್ ಕಡಿತ. ಒಂದೇ ಒಂದು ಪೌಂಡ್ ಹೆಚ್ಚಿದ್ದರೆ ಬಾಡಿಗೆ ನೆರವೂ ಸೇರಿ ಎಲ್ಲವೂ ಹೋಯಿತು. ಗಂಡ ಹೆಂಡತಿ ಇಬ್ಬರಿದ್ದರೂ ಮಿತಿ ಇಷ್ಟೇ. ವಾಸದ ಮನೆ ಸ್ವಂತದ್ದಾದರೆ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇನ್ನು ಪಿಂಚಣಿ ನಿಧಿ. ಅದಕ್ಕೆ ವಿನಾಯಿತಿ ಸಿಕ್ಕಿದ್ದಕ್ಕೆ ಸರಳ ಕಾರಣವಿತ್ತು: ಆ ಹಣಕ್ಕೆ ಬೀಗ ಬಿದ್ದಿತ್ತು. ನಿವೃತ್ತಿಯ ಹೊತ್ತಿಗೆ ಕಾಲುಭಾಗವನ್ನು ತೆರಿಗೆಯಿಲ್ಲದ ಇಡಿಗಂಟಾಗಿ ಪಡೆದು, ಉಳಿದದ್ದರಲ್ಲಿ ಬಹುಪಾಲು ಜನ ವರ್ಷಾಶನ, ಎಂದರೆ ಬದುಕಿರುವ ತನಕ ನಿಗದಿತ ಹಣ ಕೊಡುವ ಯೋಜನೆ, ಕೊಳ್ಳುತ್ತಿದ್ದರು. 2015ರ ಏಪ್ರಿಲ್‌ನಲ್ಲಿ ಆ ಬೀಗ ತೆರೆಯಿತು. 55 ತುಂಬಿದವರು ನಿಧಿಯಿಂದ ತಮಗೆ ಬೇಕಾದಷ್ಟು, ಬೇಕಾದಾಗ ತೆಗೆಯಬಹುದು ಎಂದಾಯಿತು. ವಿನಾಯಿತಿ ಮಾತ್ರ ಹಾಗೇ ಉಳಿಯಿತು: ಸರ್ಕಾರಿ ಪಿಂಚಣಿಯ (ಸರ್ಕಾರಿ ನೌಕರರಿಗಷ್ಟೇ ಅಲ್ಲ, ವಂತಿಗೆ ಕಟ್ಟಿದ ಎಲ್ಲರಿಗೂ ಸರ್ಕಾರ ಕೊಡುವ ವೃದ್ಧಾಪ್ಯ ಪಿಂಚಣಿ) ವಯಸ್ಸಾಗುವ ತನಕ ಮುಟ್ಟದ ನಿಧಿ ಲೆಕ್ಕಕ್ಕಿಲ್ಲ.

ಜನ ಎಡವುವುದು ಮುಟ್ಟಿದ ಕ್ಷಣದಲ್ಲಿ. 60,000 ಪೌಂಡ್ ನಿಧಿಯಿಂದ ಕಾಲುಭಾಗ, 15,000, ಬ್ಯಾಂಕಿಗೆ ಬಂತು ಎನ್ನಿ. ಮೊದಲೇ 2,000 ಇದ್ದವರು ಒಂದೇ ದಿನದಲ್ಲಿ 16,000ದ ಗೆರೆ ದಾಟಿ ಹೊರಗೆ ಬೀಳುತ್ತಾರೆ. ಆ ಹಣದಲ್ಲಿ ಸಾಲ ತೀರಿಸಿದರೆ ತಕರಾರಿಲ್ಲ. ನೆರವು ಗಿಟ್ಟಿಸಲೆಂದೇ ಮಗನಿಗೆ ಕೊಟ್ಟುಬಿಟ್ಟರೆ, ಹಣ ಇನ್ನೂ ನಿಮ್ಮ ಕೈಯಲ್ಲೇ ಇದೆ ಎಂದೇ ಇಲಾಖೆ ಲೆಕ್ಕ ಹಾಕುತ್ತದೆ. ನಿಧಿಯಿಂದ ತಿಂಗಳು ತಿಂಗಳು ಪಿಂಚಣಿ ಪಡೆಯುವವರ ಪಾಡು ಬೇರೆ: ಬಂದ ಪ್ರತಿ ಪೌಂಡ್‌ಗೂ ಒಂದು ಪೌಂಡ್ ನೆರವು ಕಡಿತ. ದುಡಿಮೆಯ ಆದಾಯಕ್ಕಾದರೆ, ಒಂದಿಷ್ಟು ಗಳಿಕೆಗೆ ವಿನಾಯಿತಿ ಇದ್ದವರಿಗೆ ಅಷ್ಟನ್ನು ಬಿಟ್ಟು, ಪೌಂಡ್‌ಗೆ 55 ಪೆನ್ಸ್ ಮಾತ್ರ ಕಡಿತ. ಅಲ್ಲಿ ಕೆಲಸದಲ್ಲಿದ್ದವರಿಗೆ ಒಂದು ಅನುಕೂಲವೂ ಇದೆ. ಪಿಂಚಣಿಗೆ ಕಟ್ಟಿದ ವಂತಿಗೆಯನ್ನು ಆದಾಯದಿಂದ ಪೂರ್ತಿ ಕಳೆಯುವುದರಿಂದ, 100 ಪೌಂಡ್ ಹೆಚ್ಚು ಕಟ್ಟಿದರೆ 55 ಪೌಂಡ್‌ವರೆಗೆ ನೆರವಾಗಿ ಮರಳಿ ಬರಬಹುದು. ಅದೇ 100 ಪೌಂಡನ್ನು ಬ್ಯಾಂಕಿಗೆ ಹಾಕಿದವರಿಗೆ ಇಂಥದ್ದೇನೂ ಇಲ್ಲ.

ಇದೆಲ್ಲ ತಪಾಸಣೆಯ ನೆರವಿನ ಮಾತು. ವಿಮೆಯ ವಂತಿಗೆ ಕಟ್ಟಿದ್ದಕ್ಕೆ ಸಿಗುವ ಹೊಸ ಮಾದರಿಯ ನಿರುದ್ಯೋಗ ಭತ್ಯೆಗೆ ಉಳಿತಾಯ ಎಷ್ಟಿದ್ದರೂ ಅಡ್ಡಿಯಿಲ್ಲ. ವಾರಕ್ಕೆ 50 ಪೌಂಡ್ ಮೀರಿದ ಖಾಸಗಿ ಪಿಂಚಣಿ ಬರುತ್ತಿದ್ದರೆ ಮಾತ್ರ ಮೀರಿದಷ್ಟು ಕಡಿತ.

ಸರ್ಕಾರಿ ಪಿಂಚಣಿಯ ವಯಸ್ಸು ತಲುಪಿದ ದಿನ ಲೆಕ್ಕ ಪೂರ್ತಿ ಬದಲಾಗುತ್ತದೆ. ಬಡ ವೃದ್ಧರಿಗಿರುವ ಪೆನ್ಷನ್ ಕ್ರೆಡಿಟ್‌ನಲ್ಲಿ 10,000 ಪೌಂಡ್‌ವರೆಗಿನ ಉಳಿತಾಯಕ್ಕೆ ವಿನಾಯಿತಿ. ಮೇಲಿನ ಗೆರೆಯೇ ಇಲ್ಲ. ಅದುವರೆಗೆ ಕಣ್ಣಿಗೆ ಬೀಳದಿದ್ದ ಪಿಂಚಣಿ ನಿಧಿಯೇ ಆಗ ಲೆಕ್ಕಕ್ಕೆ ಬರುತ್ತದೆ: ನೀವು ತೆಗೆಯದಿದ್ದರೂ ಅದರಿಂದ ಇಷ್ಟು ಆದಾಯ ಬರಬಹುದಿತ್ತು ಎಂದು ಹಿಡಿಯುತ್ತಾರೆ. ಹಾಗಾಗಿ ಆ ದಿನ ಯಾವಾಗ ಬರುತ್ತದೆ ಎಂಬುದು ದೊಡ್ಡ ಪ್ರಶ್ನೆ. ಹೆಂಗಸರಿಗೆ ಅದು ಹಿಂದೆ 60ಕ್ಕೇ ಬರುತ್ತಿತ್ತು. 1995 ಮತ್ತು 2011ರ ಕಾನೂನುಗಳು ಅದನ್ನು 2020ರ ಹೊತ್ತಿಗೆ 66ಕ್ಕೆ ಒಯ್ದವು. ಸೊಂಟ ನೋವು, ಮಂಡಿ ನೋವು ಇಟ್ಟುಕೊಂಡು ಕೆಲಸ ಹುಡುಕುವ ಆರು ವರ್ಷ ಕಠಿಣ ನಿಯಮದ ಪಾಲಾಯಿತು. 2019ರ ಮೇ ತಿಂಗಳಿಂದ ಇನ್ನೊಂದು ಪೆಟ್ಟು: ದಂಪತಿಯಲ್ಲಿ ಒಬ್ಬರಿಗೆ ಮಾತ್ರ ಆ ವಯಸ್ಸಾಗಿದ್ದರೆ ಹೊಸದಾಗಿ ಅರ್ಜಿ ಹಾಕುವವರು ಕಿರಿಯರ ವಯಸ್ಸಿನ ಲೆಕ್ಕದಲ್ಲಿ ಯೂನಿವರ್ಸಲ್ ಕ್ರೆಡಿಟ್‌ಗೇ ಹೋಗಬೇಕು. 2026ರ ಏಪ್ರಿಲ್‌ನಿಂದ ಎರಡು ವರ್ಷಗಳಲ್ಲಿ ಆ ವಯಸ್ಸು 67ಕ್ಕೆ ಏರುತ್ತದೆ. 1961ರ ಮಾರ್ಚ್ 6ರಂದು ಹುಟ್ಟಿದವರಿಗಿಂತ ಒಂದೆರಡು ವರ್ಷ ದೊಡ್ಡವರು 66ಕ್ಕೇ 16,000ದ ಗೆರೆಯ ನಿಯಮದಿಂದ ಹೊರಬಂದರೆ, ಇವರು ಇನ್ನೂ ಒಂದು ವರ್ಷ ಅದರಲ್ಲೇ ಇರಬೇಕು.