ಜೆಸಿಬಿ ತರ್ಸೋಕಿಂತ ಮೊದ್ಲ ಒಂದು ಫೋನ್ ಮಾಡ್ರಿ

"ಸರ, ನಿಮಗ ತ್ರಾಸ್ ಆಗಬಾರ್ದು ಅಂತ ಜೆಸಿಬಿ ತರ್ಸಿ ಮ್ಯಾಲಿನ ಮಣ್ಣೆಲ್ಲ ತೆಗಿಸೇನ್ರಿ, ಸಿಕ್ಕ ಮಡಕಿ ಚೂರೆಲ್ಲ ಚೀಲದಾಗ ತುಂಬಿಸಿಟ್ಟೇನಿ." ಹೊಲದ ಮಣ್ಣಾಗ ಹಳೇ ಊರಿನ ಗುರುತು ಏನರ ಐತೇನು ಅಂತ ಪರೀಕ್ಷಾ ಗುಂಡಿ ಅಗದು ನೋಡೂದು ನನ್ನ ಕೆಲಸ. ಲೇಔಟ್ ಮಾಡಾಕ ಹೊಂಟ ಹೊಲದ ಮಾಲಕರಿಂದ ಈ ಮಾತು ಎಷ್ಟು ಸಲ ಕೇಳೇನೋ ಲೆಕ್ಕ ಇಟ್ಟಿಲ್ಲ. ಒಳ್ಳೆ ಮಂದಿ, ಮಧ್ಯಾಹ್ನಕ್ಕ ಮನಿಯಿಂದ ರೊಟ್ಟಿ ಬುತ್ತಿ ಕಳಸ್ತಾರ, ಬಿಸಿಲಾಗ ನಿಂತೇವಿ ಅಂತ ಮಜ್ಜಿಗಿ ಕೊಡ್ತಾರ, ಆದ್ರ ಆ ಚೀಲ ನೋಡಿದ ಕೂಡ್ಲೆ ನನಗ ಹೊಟ್ಟ್ಯಾಗ ಕಸಿವಿಸಿ ಆಗ್ತೈತಿ.

ಯಾಕಂದ್ರ ಆ ಚೂರು ಯಾವ ಪದರಿನ್ಯಾಗ ಇತ್ತು, ಅದರ ಪಕ್ಕ ಏನಿತ್ತು, ಮ್ಯಾಲೆ ಏನು ಕೆಳಗ ಏನು, ನಮಗ ಬೇಕಾದ ಸುದ್ದಿ ಎಲ್ಲಾ ಅದರಾಗ ಇರ್ತೈತಿ. ಕಪ್ಪು-ಕೆಂಪು ಮಡಕಿ ಚೂರು ತಗೋರಿ. ಅಂಥಾ ಮಡಕಿ ಕಬ್ಬಿಣದ ಕಾಲದಾಗೂ ಮಾಡಿದ್ರು, ಶಾತವಾಹನರ ಹೊತ್ತಿನ್ಯಾಗೂ ಮಾಡ್ತಿದ್ರು, ಚೀಲದಾಗಿಂದ ತಗದು ಅಂಗೈ ಮ್ಯಾಲೆ ಇಟ್ರ ಎಷ್ಟು ಹಳೇದು ಅಂತ ನಾ ಹೆಂಗ ಹೇಳ್ಲಿ? ಅದೇ ಚೂರು ಇದ್ದಿಲು ಇದ್ದ ಪದರಿನ್ಯಾಗ ಸಿಕ್ಕಿದ್ರ ಆ ಇದ್ದಿಲಿಂದ ಕಾಲ ತಿಳೀತೈತಿ. ನಮ್ಮ ಹಾವೇರಿ ಜಿಲ್ಲಾದ ಹಳ್ಳೂರಾಗ 1960ರ ದಶಕದಾಗ ಪುರಾತತ್ವಜ್ಞ ಎಂ.ಎಸ್. ನಾಗರಾಜರಾವ್ ಅವರು ಅಗದಾಗ ಕಬ್ಬಿಣ ಕ್ರಿ.ಪೂ. 1000ರ ಸುಮಾರಿಗೇ ಇಲ್ಲಿತ್ತು ಅಂತ ಹೇಳಾಕ ಆಗಿದ್ದು ಹಿಂಗ, ಪದರು ಕೆಡದಂಗ ಇತ್ತು, ಇದ್ದಿಲು ಜಾಗಾದಾಗ ಇತ್ತು.

ಕರಿ ಮಣ್ಣಿನ ಎರಿ ಹೊಲದಾಗಂತೂ ಇನ್ನೂ ಹುಷಾರಿರಬೇಕು. ಬ್ಯಾಸಗ್ಯಾಗ ಎರಿ ಬಿರಿತೈತಿ, ಕೈ ಹೋಗುವಷ್ಟು ಬಿರುಕು, ಮ್ಯಾಲಿನ ಚೂರು ನಾಣ್ಯ ಅದರಾಗ ಬಿದ್ದು ಕೆಳಗ ಹೊಕ್ಕಾವು, ಮಳಿ ಬಂದ್ರ ಬಿರುಕು ಮುಚ್ಚಿ ಗುರುತೂ ಉಳಿಯಂಗಿಲ್ಲ. ಅದಕ್ಕ ಎರಿಯೊಳಗ ಒಂದ ಚೂರು ನಂಬಿ ನಾ ಏನೂ ಬರದು ಕೊಡಂಗಿಲ್ಲ, ಗುಂಡಿ ಗೋಡಿ ನೆಟ್ಟಗ ಕೆತ್ತಿ, ನೀರು ಚಿಮುಕಿಸಿ, ಬಣ್ಣ ನೋಡೇ ಮುಂದಿನ ಮಾತು.

ಗದಗ ಕಡೆ ಒಂದು ಹೊಲದಾಗ ಹಿಂಗ ಜೆಸಿಬಿ ಓಡಾಡಿಬಿಟ್ಟಿತ್ತು. ಹಳೇ ದಾಖಲ್ಯಾಗ ಅಲ್ಲೊಂದು ಬೇಚರಾಕ್ ಊರು, ಅಂದ್ರ ಮಂದಿ ಬಿಟ್ಟುಹೋದ ಊರು, ಇತ್ತು. ಬನ್ನಿ ಗಿಡದ ಬುಡಕ್ಕ ಮಾತ್ರ ಡ್ರೈವರ್ ಕೈ ಹಚ್ಚಿರ್ಲಿಲ್ಲ. ಅಲ್ಲೇ ಹಗ್ಗ ಕಟ್ಟಿ ಎರಡು ಮೀಟರ್ ಚೌಕ ಇಳದ್ವಿ. ಮೊಣಕಾಲು ಆಳಕ್ಕ ಬಡದು ಗಟ್ಟಿ ಮಾಡಿದ ನೆಲ, ಅದರ ಮ್ಯಾಲೆ ಮೂರು ಒಲಿಗುಂಡು, ನಡು ಬೂದಿ, ಬಾಜೂಕ ಅರ್ಧ ಬೀಸೂಕಲ್ಲು. ಒಂದು ಗುಂಡಿನ ಒಳಮುಖ ಇನ್ನೂ ಮಸಿ ಹಿಡದಿತ್ತು. ಆ ಹೊಲ ಉತ್ತಿದ್ದ ಅಜ್ಜ ದಂಡಿಗೆ ಕುಂತು ಭಾಳ ಹೊತ್ತು ನೋಡಿ, "ಯಾವ ತಾಯಿ ಅಡಗಿ ಮಾಡಿದ್ಳೋ ಏನೋ" ಅಂದ. ಉಳಿದ ಹೊಲದಿಂದ ನನಗ ಸಿಕ್ಕಿದ್ದು ಆರು ಚೀಲ ಚೂರು. ಅಲ್ಲಿ ಎಷ್ಟು ಮನಿ ಇದ್ದೂ, ಎಷ್ಟು ಒಲಿ ಇದ್ದೂ, ಇನ್ನ ಯಾರಿಗೂ ತಿಳಿಯಂಗಿಲ್ಲ.

ಮೊದಲ ಯಾಕ ಹರಗಸ್ತಾರ ಅನ್ನೋದೂ ನನಗ ಗೊತ್ತೈತಿ, ಏನರ ಸಿಕ್ಕರ ಸರ್ಕಾರ ಹೊಲ ಕಸ್ಕೋತೈತಿ ಅಂತ ಅಂಜಿಕಿ. ನಾ ಮಾಡಿದ ಪರೀಕ್ಷಾ ಗುಂಡಿ ಬಹಳಷ್ಟು ಗರಸು, ಅಂದ್ರ ಮನಷಾರ ಗುರುತಿಲ್ಲದ ಮೂಲ ಮಣ್ಣು, ಹತ್ತಿದ ಮ್ಯಾಲೆ ನಕ್ಷಾ, ಫೋಟೋ ತಗೊಂಡು ಮುಚ್ಚಿದವೇ. ಎಲ್ಲಾ ಕಡೆ ಹಿಂಗ ಅಂತ ಮಾತು ಕೊಡಾಕ ಬರಂಗಿಲ್ಲ, ಒಂದೊಂದು ಜಾಗಾ ಒಂದೊಂದು ನಮೂನಿ. ಸಂರಕ್ಷಿತ ಗುಡಿ ಬಾಜೂಕ ಇದ್ರಂತೂ, ಹುಬ್ಬಳ್ಳಿ ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ ಸುತ್ತ ಇದ್ದಂಗ, 100 ಮೀಟರ್ ಒಳಗ ಕಟ್ಟಡ ಕಟ್ಟೂದು ನಿಷೇಧ, ಅದರಾಚೆ 200 ಮೀಟರ್ ಪರವಾನಿಗಿ ಬೇಕು. ಹಂಗ ತಾವ ಅಗಿಯೂದು ಬ್ಯಾಡ, ಉತ್ಖನನಕ್ಕೂ ಪರವಾನಿಗಿ ಬೇಕಾಗ್ತೈತಿ. ಆದ್ರ ಲೇಔಟಿಗೆ ಪಾರ್ಕ್ ಹೆಂಗೂ ಬಿಡಬೇಕಲ್ರಿ, ಸಿಕ್ಕ ಜಾಗಾದ ಮ್ಯಾಲೇ ಪಾರ್ಕ್ ಬರೂವಂಗ ನಕ್ಷಾ ತಿದ್ದಿದ್ರ ಎಷ್ಟೋ ಸಲ ಕೆಲಸ ಆಗಿಬಿಡ್ತೈತಿ. ಆ ಬನ್ನಿ ಗಿಡದ ಸುತ್ತ ಹಂಗ ಮಾಡೇವಿ, ಗುಂಡಿಗೆ ಮೊದಲ ಉಸುಕು, ಮ್ಯಾಲೆ ಮಣ್ಣು ಹಾಕೇವಿ, ಒಲಿಗುಂಡು ಅಲ್ಲೇ ಅದಾವು.

ಎರಿ ಹೊಲ ಇದ್ರ ಸುಗ್ಗಿ ಮುಗದ ಮ್ಯಾಲೆ ಕರೀರಿ, ಮಳಿಗಾಲದಾಗ ಗುಂಡಿ ನಿಲ್ಲಂಗಿಲ್ಲ. ಜಾಲಿಕಂಟಿ ಬೆಳದಿದ್ರ ಬೆಳೀಲಿ, ಬೇರು ಸಮೇತ ಕೀಳಸಬ್ಯಾಡ್ರಿ, ಪದರು ಕೆಡ್ತಾವು, ನಾವು ಕೊಡ್ಲಿ ತಗೊಂಡೇ ಬರ್ತೇವಿ.